ನಾಲ್ಕು ಕಣ್ಣಿನ ನಾಯಿಗೊಂದು ಮನೆ

ನಾಯಿ ಬೇಕೆಂದು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕೇಳುವುದು ಮರಿಯನ್ನೇ ಎಂಬುದನ್ನು ನೀವೂ ಗಮನಿಸಿರಬಹುದು. ಬೆಳೆದ ನಾಯಿಯನ್ನು ತೋರಿಸಿದಿರೋ, ಅವರ ಮುಖ ಎರಡನೆಯ ಸಂಬಂಧದ ವರನನ್ನು ಕಂಡ ಹೆಣ್ಣಿನ ತಂದೆಯ ಮುಖದಂತಾಗುತ್ತದೆ. ಕಿವಿ ನೋಡುತ್ತಾರೆ, ಬಾಲ ನೋಡುತ್ತಾರೆ, ಕಾಲಿನ ಉಗುರುಗಳನ್ನು ಎಣಿಸುತ್ತಾರೆ, ಕೊನೆಗೆ ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇವೆಂದು ಹೋದವರು ಮತ್ತೆ ಆ ಬೀದಿಯಲ್ಲೇ ಸುಳಿಯುವುದಿಲ್ಲ. ಇದೆಲ್ಲ ರೂಪದ ಪ್ರಶ್ನೆ, ಲಕ್ಷಣಶಾಸ್ತ್ರದ ಪ್ರಶ್ನೆ ಎಂದೇ ನಾನೂ ಬಹಳ ಕಾಲ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ಐವತ್ತರ ದಶಕದ ಕೊನೆಯಲ್ಲಿ ನನ್ನ ಕೈಸೇರಿದ ಒಂದು ಕರಿಯ ನಾಯಿ.

ನಾನಾಗ ಮಧುಗಿರಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹುದ್ದೆ ಸಣ್ಣದು, ಸೈಕಲ್ಲು ದೊಡ್ಡದು. ಐಸು ತುಂಬಿದ ಥರ್ಮಾಸ್ ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗಳನ್ನು ಸುತ್ತಿ ದನಗಳಿಗೆ ದೊಡ್ಡರೋಗದ ಚುಚ್ಚುಮದ್ದು ಹಾಕುವುದು ನನ್ನ ಕಾಯಕ. ಜನ ನನ್ನನ್ನು 'ಸೂಜಿ ಸ್ವಾಮಿ' ಎನ್ನುತ್ತಿದ್ದರು. ದನಗಳು ಏನೆನ್ನುತ್ತಿದ್ದವೆಂಬುದನ್ನು ಅವುಗಳ ಒದೆತಗಳಿಂದ ಊಹಿಸಿಕೊಳ್ಳುತ್ತಿದ್ದೆ.

ಮಾಘಮಾಸದ ಒಂದು ಬೆಳಿಗ್ಗೆ ಪುರವರದಲ್ಲಿ ದನಗಳೆಲ್ಲ ಬೇವಿನ ಮರದಡಿ ಬಂದು ನಿಂತಿದ್ದವು, ದನಗಳ ಯಜಮಾನರು ಮಾತ್ರ ಇರಲಿಲ್ಲ. ಹುಡುಕಿಕೊಂಡು ಹೋದರೆ ಊರಂಚಿನ ಒಂದು ಬೀಗ ಹಾಕಿದ ಮನೆಯ ಮುಂದೆ ಐದಾರು ಜನ ದೊಣ್ಣೆ ಹಿಡಿದು ನಿಂತಿದ್ದರು. ಅದು ಬಳೆ ಮಾರುವ ಚನ್ನಪ್ಪನ ಮನೆ. ಹೆಂಡತಿ ಮಕ್ಕಳಿಲ್ಲದೆ ಒಂಟಿಯಾಗಿದ್ದ ಆತ ಮೂರು ದಿನದ ಹಿಂದೆ ಮಲಗಿದಲ್ಲೇ ಸತ್ತಿದ್ದ. ಮಣ್ಣು ಮಾಡಿ ಬಂದಿದ್ದರು. ಅವನ ನಾಯಿ ಮಾತ್ರ ಹೊಸಿಲು ಬಿಟ್ಟು ಕದಲಿರಲಿಲ್ಲ. ಬೊಗಳದೆ, ಗುರುಗುಟ್ಟದೆ ದೊಣ್ಣೆಗಳ ಕಡೆ ಸುಮ್ಮನೆ ನೋಡುತ್ತಿತ್ತು. ಎರಡು ಕಣ್ಣುಗಳ ಮೇಲೆ ಎರಡು ಕಂದು ಮಚ್ಚೆಗಳು. ದೂರದಿಂದ ನೋಡಿದರೆ ನಾಲ್ಕು ಕಣ್ಣುಗಳೂ ನಿಮ್ಮನ್ನೇ ನೋಡುವಂತಿತ್ತು. ಯಮನ ಬಾಗಿಲು ಕಾಯುವ ಸಾರಮೇಯಗಳಿಗೆ ನಾಲ್ಕು ಕಣ್ಣೆಂದು ಹಿರಿಯರು ಹೇಳುತ್ತಾರೆ. ಪುರವರದವರಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ.

"ಅದ್ರ ಮಕ ನೋಡ್ಬೇಡ್ರಿ ಸೂಜಿ ಸ್ವಾಮಿ," ಎಂದ ಒಬ್ಬ. "ನಾಕು ಕಣ್ಣಿಂದು. ಚನ್ನಪ್ಪುನ್ನ ತಿನ್ಕೊಂತು, ಇನ್ಯಾರ್ನ ತಿನ್ಲಿ ಅಂತ ಕುಂತದೆ."

ನಾನು ಧೈರ್ಯಶಾಲಿಯಲ್ಲ. ಆದರೆ ಖಾಕಿ ಚಡ್ಡಿ ಹಾಕಿದ್ದೆ, ಮತ್ತು ಆ ಕಾಲದಲ್ಲಿ ಖಾಕಿಗೆ ತನ್ನದೇ ಆದ ಒಂದು ಧ್ವನಿ ಇತ್ತು. ಈ ನಾಯಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಆ ಧ್ವನಿಯಲ್ಲಿ ಘೋಷಿಸಿಬಿಟ್ಟೆ. ಅಂಥ ಅಧಿಕಾರ ನನಗಿರಲಿ, ನನ್ನ ಡಾಕ್ಟರಿಗೂ ಇರಲಿಲ್ಲ. ಸೈಕಲ್ಲನ್ನೂ ನಾಯಿಯನ್ನೂ ಮಧುಗಿರಿಯ ಬಸ್ಸಿಗೆ ಹತ್ತಿಸಲು ಹೋದಾಗ ಕಂಡಕ್ಟರ್ ನಾಯಿಯ ಮುಖವನ್ನೊಮ್ಮೆ ನೋಡಿ, "ನಾಕು ಕಣ್ಣೈತೆ, ಎರಡು ಟಿಕೆಟ್ ಆಯ್ತದೆ ಸ್ವಾಮಿ," ಎಂದು ನಕ್ಕ. ನಾನೂ ನಕ್ಕೆ.

ನನ್ನ ಹೆಂಡತಿಯ ಹೆಸರು ಸಾವಿತ್ರಿ. ಯಮನನ್ನೇ ಹಿಂಬಾಲಿಸಿ ವಾದದಲ್ಲಿ ಗೆದ್ದವಳ ಹೆಸರು ಹೊತ್ತವಳು ಯಮನ ನಾಯಿಗೆ ಹೆದರಿಯಾಳೇ ಎಂಬುದು ನನ್ನ ಲೆಕ್ಕಾಚಾರ. ಅವಳು ಹೆದರಲಿಲ್ಲ. ಅನ್ನ ಹಾಕಿದಳು, 'ಕರಿಯ' ಎಂದು ಹೆಸರಿಟ್ಟಳು. ನಾಲ್ಕನೆಯ ದಿನ ಭಾನುವಾರ, ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆಯ ಸುಮಾರು, ಬೀದಿಯಲ್ಲಿ ನರಪಿಳ್ಳೆಯಿಲ್ಲ, ಏಕಶಿಲೆಯ ಬೆಟ್ಟ ಕಾದ ಹೆಂಚಿನಂತೆ ಊರಿನ ಮೇಲೆ ಬಿಸಿಯುಗುಳುತ್ತಿತ್ತು. ಮಲಗಿದ್ದ ನಾಯಿ ತಟಕ್ಕನೆ ಎದ್ದಿತು. ಕಿವಿ ನಿಮಿರಿಸಿ ಬಾಗಿಲ ಕಡೆ ಓಡಿತು. ಮೈಯೆಲ್ಲ ಬಾಲವಾಗುವಂತೆ ಕುಣಿಯಿತು. ಆಮೇಲೆ, ಒಳಗೆ ಬರುವವರಿಗೆ ದಾರಿ ಬಿಡುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಯಾರದೋ ಕಾಲಿಗೆ ಮೈ ತಾಗಿಸಿಕೊಂಡು ನಡೆದಂತೆ ನಿಧಾನವಾಗಿ ನಡುಮನೆಗೆ ಬಂದು, ಗೋಡೆಯ ಪಕ್ಕದಲ್ಲಿ ಕುಳಿತು ತಲೆಯನ್ನು ಮೇಲೆತ್ತಿತು. ಕಣ್ಣು ಅರೆಮುಚ್ಚಿತು. ಗಾಳಿ ಎಳ್ಳಷ್ಟೂ ಇರಲಿಲ್ಲ. ಆದರೂ ಅದರ ಎರಡು ಕಿವಿಗಳ ನಡುವಿನ ಕೂದಲು ಮೆಲ್ಲಗೆ ಹಿಂದಕ್ಕೆ ಒತ್ತಿಕೊಂಡಿತು, ಮತ್ತೆ ಎದ್ದಿತು, ಮತ್ತೆ ಒತ್ತಿಕೊಂಡಿತು.

ಅಡುಗೆಮನೆಯ ಬಾಗಿಲಲ್ಲಿ ಸಾವಿತ್ರಿ ನಿಂತಿದ್ದಳು. "ದಿನಾ ಹೀಗೇ ರೀ," ಎಂದಳು. "ನೀವು ಆಸ್ಪತ್ರೆಯಲ್ಲಿರ್ತೀರಿ. ನಿಮಗೇನು ಗೊತ್ತು? ಈ ಹೊತ್ತಿಗೆ ನಾನು ಸೆರಗು ಸರಿಮಾಡ್ಕೊಂಡು ಒಳಗೆ ಹೋಗ್ತೀನಿ. ಯಾಕೆ ಅಂತ ಕೇಳ್ಬೇಡಿ. ಅನ್ಯರು ಮನೆಯೊಳಗಿದ್ದಾಗ ಹೆಂಗಸರಿಗೆ ತಿಳಿಯುತ್ತೆ."

ಮರುದಿನವೇ ನಾಯಿಯನ್ನು ಹೊಳವನಹಳ್ಳಿಗೆ ಸಾಗಿಸಿದೆ. ಅಲ್ಲಿನ ನಂಜೇಗೌಡ ನನ್ನ ಹಳೆಯ ಪರಿಚಯದ ರೈತ. ಕಡಲೆಕಾಯಿ ಹೊಲಕ್ಕೆ ಕಾವಲಿಗೊಂದು ನಾಯಿ ಬೇಕೆಂದಿದ್ದ. ಮೂರು ಗಂಟೆಯ ವಿಷಯವನ್ನು ನಾನು ಅವನಿಗೆ ಹೇಳಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಉಬ್ಬಸದ ಸುದ್ದಿ ಎತ್ತದ ತಂದೆಯಂತೆ ನಾಯಿಯ ಸದ್ಗುಣಗಳನ್ನಷ್ಟೇ ಬಣ್ಣಿಸಿ ಬಂದೆ. ಎಂಟನೆಯ ದಿನ ಗೌಡ ಹಗ್ಗ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ.

"ಕಚ್ಚಿತೇ?" ಎಂದೆ.

"ಇಲ್ಲ ಸ್ವಾಮಿ. ಕಚ್ಚಲ್ಲ, ಬೊಗಳಲ್ಲ, ಕದ್ದು ತಿನ್ನಲ್ಲ. ದೇವ್ರಂತಾ ನಾಯಿ." ಅವನು ಹಗ್ಗವನ್ನು ನನ್ನ ಕೈಗೆ ತುರುಕಿದ. "ಆದ್ರೆ ದಿನಾ ಒಬ್ರುನ್ನ ಮನೀಕೆ ಕರ್ಕೊಂಡ್ ಬತ್ತದೆ. ನಮ್ಮವ್ವ ಅಂಗೆ ಬಂದೋರ್ಗೆ ನೀರು ಕೊಡ್ದೆ ಇರಕ್ಕೂ ಆಗ್ದು, ಕೊಡಕ್ಕೂ ಆಗ್ದು ಅಂತಾ ಅಳ್ತದೆ. ನಂಗೆ ಬ್ಯಾಡ ಕಣ್ ಬುಡಿ."

ಮೂರನೆಯವರು ಪಾವಗಡದ ವಿಜ್ಞಾನದ ಮೇಷ್ಟ್ರು ಓಬಳಪ್ಪ. ಒಬ್ಬರೇ ಇದ್ದರು, ದೆವ್ವ, ದೃಷ್ಟಿ, ಶಕುನಗಳ ವಿರುದ್ಧ ಊರೂರಲ್ಲಿ ಭಾಷಣ ಮಾಡಿದವರು. ಈ ಸಲ ನಾನು ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಬೇಸಿಗೆ ರಜೆಯಲ್ಲಿ ತಮಗೂ ಒಂದು ಪ್ರಯೋಗವಾಯಿತೆಂದು ನಾಯಿಯನ್ನು ಕರೆದೊಯ್ದರು. 'ಟೈಗರ್' ಎಂದು ಮರುನಾಮಕರಣವನ್ನೂ ಮಾಡಿದರು. ಹನ್ನೆರಡನೆಯ ದಿನ ಮೇಷ್ಟ್ರು ಬಸ್ಸಿನಿಂದ ಇಳಿದಾಗ ಅವರ ಗಡ್ಡ ಬೆಳೆದಿತ್ತು.

"ವದ್ದು ಸಾರ್, ನಂಗೆ ಬೇಡ," ಎಂದರು ಕುಳಿತುಕೊಳ್ಳದೆ. "ನಾನು ಏನೂ ನೋಡ್ಲಿಲ್ಲ, ನಿಜ. ನೋಡಿದ್ರೆ ವಾಸಿ ಇತ್ತು. ಮೂರು ಗಂಟೆಗೆ ನಾನೇ ಎದ್ದು ಬಾಗ್ಲು ತೆಗೆಯೋಕೆ ಶುರು ಮಾಡ್ದೆ. ನಿನ್ನೆ ನೋಡ್ತೀನಿ, ಎರಡು ಲೋಟ ಕಾಫಿ ಬೆರೆಸಿಟ್ಟಿದೀನಿ. ಎರಡನೇದು ಯಾರಿಗೆ ಅಂತ ನಂಗೇ ಗೊತ್ತಿಲ್ಲ ಸಾರ್, ದೇವುಡಾ!"

ಅವರು ಹೋದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಸಜ್ಜನರು, ದನಿ ಎತ್ತಿ ಮಾತಾಡಿದವರಲ್ಲ. ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಈ ನಾಯಿಯಿದ್ದರೆ ಮಧ್ಯಾಹ್ನ ದನ ತರುವವರು ತರುವುದಿಲ್ಲ. ಬೀದಿಗೆ ಬಿಟ್ಟರೆ ಕಲ್ಲೋ ವಿಷವೋ ಕಾದಿದೆ. ಅದಕ್ಕಿಂತ ಒಂದು ಸೂಜಿಯೇ ಕರುಣೆ ಎಂದರು. ಸೋಮವಾರದವರೆಗೆ ಗಡುವು ಕೊಟ್ಟರು. ಆ ಸೂಜಿ ಹಿಡಿಯಬೇಕಾದ ಕೈ ಯಾರದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊಟ್ಟಿಗೆಗೆ ಹೋಗಿ ನಾಯಿಯ ಪಕ್ಕದಲ್ಲಿ ಕುಳಿತೆ. ಅದು ನನ್ನ ಮೊಣಕಾಲಿನ ಮೇಲೆ ಗದ್ದವಿಟ್ಟಿತು. ಏನಾದರೂ ಸಮಾಧಾನ ಹೇಳೋಣವೆಂದರೆ ಬಾಯಿಗೆ ಹೆಸರು ಬರಲಿಲ್ಲ. ಕರಿಯ ಎಂದರೂ, ಟೈಗರ್ ಎಂದರೂ, ಗೌಡನ ಮನೆಯವರು ಇಟ್ಟಿದ್ದ ರಾಜ ಎಂದರೂ, ಪಕ್ಕದ ಮನೆಯವರನ್ನು ಕರೆದಾಗ ನಾವು ತಿರುಗಿ ನೋಡುವ ಸೌಜನ್ಯದಿಂದ ಅದು ನೋಡುತ್ತಿತ್ತು. ಆಗ ನನಗೆ ಹೊಳೆದದ್ದು ನಾಚಿಕೆಯ ಸಂಗತಿ. ಇದಕ್ಕೆ ಮನೆ ಹುಡುಕುತ್ತ ಮೂರು ತಿಂಗಳು, ಮೂರು ತಾಲ್ಲೂಕು ಅಲೆದ ನಾನು ಇದರ ಹೆಸರೇನೆಂದು ಒಬ್ಬರನ್ನೂ ಕೇಳಿರಲಿಲ್ಲ. ಮರಿಯಾದರೆ ಬರಿಗೈಯಲ್ಲಿ ಬರುತ್ತದೆ, ಇಟ್ಟ ಹೆಸರನ್ನು ಇಟ್ಟುಕೊಳ್ಳುತ್ತದೆ. ಬೆಳೆದ ನಾಯಿ ಎಂದೂ ಒಂಟಿಯಾಗಿ ಬರುವುದಿಲ್ಲ. ಅದು ಕಾದ ಬಾಗಿಲು, ಅದನ್ನು ಕರೆದ ದನಿ, ಅದರ ತಲೆ ಸವರಿದ ಕೈ, ಎಲ್ಲವೂ ಅದರ ಹಿಂದೆಯೇ ಹೊಸಿಲು ದಾಟುತ್ತವೆ. ನಮಗೆ ನಾಯಿ ಬೇಕು. ಆ ಕೈ ಬೇಡ.

ಭಾನುವಾರ ಪುರವರಕ್ಕೆ ಹೋದೆ. ಚನ್ನಪ್ಪನ ನಾಯಿಯ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿಯೊಬ್ಬಳು ಮಾತ್ರ ಇಷ್ಟು ಹೇಳಿದಳು: "ದಿನಾ ಬಳೆ ಮಾರ್ಕೊಂಡು ಮೂರು ಗಂಟೆಗೆ ಮನೀಗೆ ಬರೋನು ಕಣಪ್ಪ, ಅದು ಬಾಗ್ಲಾಗೆ ಕಾಯ್ತಿರೋದು. ಬಳೆ ತರಕ್ಕೆ ಶಿರಾಕ್ಕೆ ಹೋಗೋವಾಗ ಗಾಡೀಲಿ ಅದುನ್ನೂ ಹಾಕ್ಕೊಂಡು ಹೋಗೋನು. ಅಲ್ಲಿ ಅಮೀನಾಬಿ ಅಂತ ಬಳೆ ಅಂಗ್ಡಿಯೋಳು. ಅವಳ್ನ ಕೇಳು."

ಸೋಮವಾರ ರಜೆ ಹಾಕಿ ನಾಯಿಯೊಂದಿಗೆ ಶಿರಾಕ್ಕೆ ಹೋದೆ. ಮಸೀದಿಯ ಹಿಂದಿನ ಓಣಿಯಲ್ಲಿ ಅಂಗಡಿ. ಮುಂದೆ ಒಂದು ಜಗಲಿ, ಜಗಲಿಯ ಮೇಲೆ ಒಂದು ಮರದ ಬೆಂಚು. ಓಣಿಯ ತಿರುವಿನಲ್ಲೇ ನಾಯಿ ಹಗ್ಗ ಜಗ್ಗತೊಡಗಿತು. ಅಂಗಡಿಯಲ್ಲಿ ಕುಳಿತಿದ್ದ ಐವತ್ತರ ಆಸುಪಾಸಿನ ಹೆಂಗಸು ತಲೆಯ ಮೇಲಿನ ದುಪಟ್ಟಾ ಎಳೆದುಕೊಳ್ಳುತ್ತ ಎದ್ದು ನಿಂತು, "ಅರೆ, ಜೋಡೀ!" ಎಂದಳು.

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ನಾಯಿ ಬೊಗಳಿತು. ಬೊಗಳಿದ್ದೇ ಬೊಗಳಿದ್ದು.

"ಚನ್ನಪ್ಪ ಭಾಯಿ ಎಲ್ಲಿ?" ಎಂದು ಆಕೆ ನನ್ನ ಬೆನ್ನ ಹಿಂದೆ ನೋಡಿದಳು. ಹೇಳಬೇಕಾದವನು ನಾನೇ ಆದೆ. ಆಕೆ ಅಳಲಿಲ್ಲ. ಒಳಗೆ ಹೋಗಿ ಕಾಗದದಲ್ಲಿ ಸುತ್ತಿಟ್ಟ ಒಂದು ಕಟ್ಟು ಹಸಿರು ಬಳೆ ತಂದು ಮಡಿಲಲ್ಲಿಟ್ಟುಕೊಂಡು ಕುಳಿತಳು. "ಇದು ಅವರದೇ. ಬರ್ತೀನಿ ತೆಗೆದಿಡು ಅಂದಿದ್ರು. ನಮ್ಮೋರು ತೀರ್ಕೊಂಡ ಮೇಲೆ ಬಹಳ ಜನ ಬೇರೆ ಅಂಗ್ಡಿ ಹಿಡಿದ್ರು ಅಣ್ಣಾ. ಇವರು ಬಿಡ್ಲಿಲ್ಲ. ಬಂದು ಈ ಬೆಂಚಿನ ಮೇಲೆ ಕೂತು ನೀರು ಕುಡಿದು ಹೋಗೋರು. ನಾಯೀಗೆ ಇದೆಂಥಾ ಹೆಸರು ಅಂತ ಕೇಳಿದ್ದೆ. ಒಬ್ನೇ ಇರೋನಿಗೆ ಜೋಡಿ ಬೇಡ್ವಾ ತಂಗೀ ಅಂದ್ರು."

ಈ ಸಲವೂ ನಾನು ಎಲ್ಲವನ್ನೂ ಹೇಳಿದೆ. ಹೊಳವನಹಳ್ಳಿಯ ಅಳು, ಪಾವಗಡದ ಕಾಫಿ, ಸೋಮವಾರದ ಸೂಜಿ, ಯಾವುದನ್ನೂ ಬಿಡಲಿಲ್ಲ. ಆಕೆ ನಾಯಿಯನ್ನೇ ನೋಡುತ್ತ ಕೇಳಿಸಿಕೊಂಡಳು. "ಒಳಗೆ ನಮಾಜಿನ ಜಾಗ, ನಾಯಿ ಬರಂಗಿಲ್ಲ. ಜಗಲಿ ಇದೆಯಲ್ಲ, ಇರ್ಲಿ."

"ಮತ್ತೆ, ಮೂರು ಗಂಟೆಗೆ..." ಎಂದೆ.

"ಬಂದ್ರೆ ಬರ್ಲಿ. ಬರೋರೇ ಅಲ್ವಾ ಅವರು?"

ಆ ಮಧ್ಯಾಹ್ನ ನಾನು ಅಲ್ಲೇ ಉಳಿದೆ. ಮೂರು ಗಂಟೆಗೆ ನಾಯಿ ಎದ್ದು ಓಣಿಯ ತಿರುವಿನವರೆಗೆ ಓಡಿ, ಅಲ್ಲಿಂದ ನಿಧಾನವಾಗಿ ನಡೆದು ಬಂತು. ಅಮೀನಾಬಿ ಒಂದು ಚೊಂಬು ನೀರು ತಂದು ಬೆಂಚಿನ ತುದಿಯಲ್ಲಿಟ್ಟು, "ಬನ್ನಿ ಭಾಯಿ, ಬಿಸಿಲು ಬಹಳ," ಎಂದು ತನ್ನ ಕೆಲಸಕ್ಕೆ ಹೋದಳು. ಮೂರು ಮನೆಗಳಲ್ಲಿ ನಮ್ಮನ್ನೆಲ್ಲ ನಡುಗಿಸಿದ ಸಂಗತಿಗೆ ಆಕೆ ಕೊಟ್ಟ ಮರ್ಯಾದೆ ಅಷ್ಟೇ. ನನ್ನ ಮೈಯ ರೋಮ ನಿಂತೇ ಇತ್ತು, ಆದರೆ ಭಯದ ಅರ್ಧ ಭಾಗ ಅಸೂಯೆಯಾಗಿತ್ತು.

ಎರಡು ವರ್ಷದ ನಂತರ, ವರ್ಗವಾಗಿ ಬೇರೆ ಊರಿಗೆ ಹೋಗುವ ಮುಂಚೆ, ಮತ್ತೊಮ್ಮೆ ಶಿರಾಕ್ಕೆ ಹೋದೆ. ಜೋಡಿ ಮೈತುಂಬಿಕೊಂಡು ಜಗಲಿಯಲ್ಲಿ ಮಲಗಿತ್ತು. ನಾನು ಕೊಡೆಯನ್ನು ಪಕ್ಕದಲ್ಲಿಟ್ಟು ಬೆಂಚಿನ ಮೇಲೆ ಕುಳಿತೆ. ಮಸೀದಿಯ ಗಡಿಯಾರ ಮೂರು ಹೊಡೆಯಿತು. ನಾಯಿ ಏಳಲಿಲ್ಲ. ಮೂರೂಕಾಲಾಯಿತು, ಒಂದು ಕಿವಿಯನ್ನೂ ಅಲುಗಿಸಲಿಲ್ಲ. ನನಗೆ ಸಮಾಧಾನವಾಯಿತೋ ಬೇಸರವಾಯಿತೋ ಹೇಳಲಾರೆ.

"ಈಗ ಬಾಗಿಲಿಗೆ ಓಡೋದು ಬಿಟ್ಟಿದೆಯಲ್ಲಮ್ಮ," ಎಂದೆ. "ಕೊನೆಗೂ ಅವರು ಹೋದರು ಅಂತಾಯ್ತು."

ಬಳೆ ಪೋಣಿಸುತ್ತಿದ್ದ ಅಮೀನಾಬಿ ತಲೆಯೆತ್ತಿದಳು. ನಾನು ಏನೋ ಅಸಂಬದ್ಧ ಆಡಿದಂತೆ ನೋಡಿದಳು.

"ಎಲ್ಲಿ ಹೋಗ್ತಾರೆ ಅಣ್ಣಾ? ಹೋಗಿ ಹೋಗಿ ಬರೋರಿಗೆ ಅದು ಬಾಗ್ಲಿಗೆ ಓಡ್ತಿತ್ತು. ಈಗ ಇಲ್ಲೇ ಇರೋರಿಗೆ ಯಾಕೆ ಓಡ್ಬೇಕು?"

ಜೋಡಿ ಕಣ್ಣು ಅರೆಮುಚ್ಚಿ, ತಲೆಯನ್ನು ಬೆಂಚಿನ ಕಡೆ ಸ್ವಲ್ಪ ಮೇಲಕ್ಕೆತ್ತಿತು. ನಾನು ನನ್ನ ಕೊಡೆಯನ್ನೂ ಎತ್ತಿಕೊಂಡು, ಬೆಂಚಿನ ಈಚೆ ತುದಿಗೆ ಸರಿದು ಕುಳಿತೆ.