ಅವ್ವ ನೀಲಾಳನ್ನು ಕರೆದ ಸಂಜೆ

ಇವತ್ತು ಟಿ.ವಿ.ಯಲ್ಲಿ ದೆವ್ವದ ಸಿನಿಮಾ ನೋಡುತ್ತ ಮಕ್ಕಳು ಚಾದರ ಹೊದ್ದು ಕೂತಿದ್ದರು. ನನಗೆ ಶಹಾಪುರದ ಟಾಕೀಸಿನ ಬೀಡಿ ಹೊಗೆ ಮೂಗಿಗೆ ಬಡಿದಂತಾಯಿತು.

ತಂಗಿ ನೀಲಾ ಜ್ವರ ಬಂದು ತೀರಿಕೊಂಡ ವರ್ಷ ಅದು. ಅವ್ವ ಮಾತೇ ಬಿಟ್ಟಿದ್ದಳು. ಮನಸ್ಸು ಹಗುರಾಗಲೆಂದು ಕಾಕಿ ನಮ್ಮನ್ನು ನಮ್ಮೂರು ಸಗರದಿಂದ ಶಹಾಪುರಕ್ಕೆ ಸಿನಿಮಾ ನೋಡಲು ಕರೆದೊಯ್ದಳು. ಎಂಥ ಸಿನಿಮಾ ಎಂದು ಅವಳಿಗೂ ಗೊತ್ತಿರಲಿಲ್ಲ. ತೆರೆಯ ಮೇಲೆ ತಾಯಿಯೊಬ್ಬಳು ದೀಪ ಹಚ್ಚಿ ಕರೆದಾಗ ಸತ್ತ ಮಗಳು ಬಂದು ಮಾತಾಡಿದಳು. ಜನರೆಲ್ಲ ಚೀರಿದರು. ಅವ್ವ ಮಾತ್ರ ಬಾಯಿಗೆ ಸೆರಗಿಟ್ಟುಕೊಂಡು, ಮುಂದಕ್ಕೆ ಬಾಗಿ ನೋಡಿದಳು.

ಮರುದಿನ ಸಂಜೆ ಅವ್ವ ಅಡುಗೆಮನೆಯಲ್ಲಿ ದೀಪ ಹಚ್ಚಿಟ್ಟು ಕರೆಯುತ್ತಿದ್ದಳು. "ನೀಲಾ, ಬಾ ಯವ್ವಾ. ಒಂದ ಮಾತಾಡಿ ಹೋಗಿಬಿಡು, ನಾ ಹಿಡಕೊಳ್ಳಂಗಿಲ್ಲ."

ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ. ಬೈಯುತ್ತಾನೆಂದು ನಾನು ಹೆದರಿದೆ. ಅವನು ರುಮಾಲು ತೆಗೆದಿಟ್ಟು ಅವ್ವನ ಪಕ್ಕ ಕೂತ.

"ಇನ್ನೊಂದೀಟು ಜೋರಲೆ ಕರಿ. ಅಕಿಗಿ ನಿದ್ದಿ ಭಾಳ," ಅಂದ.

ಇಬ್ಬರೂ ಕೂಡಿ ಕರೆದರು. ಎಣ್ಣೆ ತೀರಿ ದೀಪ ಆರುವ ತನಕ ಕರೆದರು. ಯಾರೂ ಬರಲಿಲ್ಲ.

ಈಗ ಅವ್ವ, ಅಪ್ಪ ಇಬ್ಬರೂ ಇಲ್ಲ. ನಾನು ಅವರನ್ನು ಒಮ್ಮೆಯೂ ಹಾಗೆ ಕರೆದಿಲ್ಲ. ಬರದೇ ಹೋದರೆ ತಡೆದುಕೊಳ್ಳುವುದು ನನ್ನಿಂದಾಗದು.