ಪದ್ಮಮ್ಮನವರ ಮೂಗು, ನನ್ನ ಕಡಲಪಾಚಿ

ಕೇಳಿ ಇಲ್ಲಿ, ಇವತ್ತು ನನಗೆ ಬಾಡಿಗೆ ಮನೆಯೇ ತಪ್ಪಿಹೋಗುತ್ತಿತ್ತು. ಕಡಕೊಳದ ಹತ್ತಿರ ನನ್ನದೊಂದು ಮೀನಿನ ಕೊಳವಿದೆ. ಅಲ್ಲಿಯ ಶೆಡ್ಡು ಸೋರುತ್ತದೆಂದು ಒಂದು ಚೀಲ ಕಡಲಪಾಚಿ ಪುಡಿಯನ್ನು ಬನ್ನಿಮಂಟಪದ ಮನೆಗೆ ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೆ. ಓನರ್ ಪದ್ಮಮ್ಮನವರು ಮೂಗಿಗೆ ಸೆರಗು ಹಿಡಿದು ಬಂದರು.

“ಮೀನು-ಗೀನು ಮನೆಗೆ ತರ್ಬಾರ್ದು ಅಂತ ಮೊದ್ಲೇ ಹೇಳಿರ್ಲಿಲ್ವೇನ್ರೀ? ಒಣಮೀನಿನ ವಾಸ್ನೆ!”

“ಮೀನಲ್ಲ ಅಮ್ಮ, ಸಮುದ್ರದಲ್ಲಿ ಬೆಳೆಯೋ ಪಾಚಿ. ಒಂಥರಾ ಸೊಪ್ಪು. ಮೀನಿಗೆ ಕಾಯಿಲೆ ಬರ್ದೇ ಇರ್ಲಿ ಅಂತ ಮೇವಿಗೆ ಬೆರೆಸ್ತೀನಿ.”

ಅವರು ಬಗ್ಗಿ ಚೀಲವನ್ನು ಇನ್ನೊಮ್ಮೆ ಮೂಸಿದರು. “ಈರುಳ್ಳಿ, ಬೆಳ್ಳುಳ್ಳಿ ಏನಾದ್ರೂ ಸೇರಿದ್ಯಾ?”

“ಇಲ್ಲಮ್ಮ, ಬರೀ ಪಾಚಿ.”

“ಹಾಗಾದ್ರೆ ಇರ್ಲಿ ಬಿಡಿ.”

ಸಂಜೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಕೆಳಗೆ ಅವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: “ನಮ್ಮ ಮಹಡಿ ಮನೆಯವರ ಮೀನು ಬರೀ ಸೊಪ್ಪು ತಿನ್ನೋದು ಕಣ್ರೀ. ಈರುಳ್ಳಿ ಕೂಡ ಮುಟ್ಟಲ್ಲ!”

ಪಾಚಿ ಹಾಕುವುದು ಸ್ವಲ್ಪವೇ, ಮಿಕ್ಕ ಮೇವಿನಲ್ಲಿ ಒಣಮೀನಿನ ಪುಡಿಯೂ ಇರುತ್ತದೆ ಎಂದು ಹೇಳಲು ನಾನು ಕೆಳಗೆ ಇಳಿಯಲಿಲ್ಲ. ಮೀನುಗಳ ಮಡಿ ಕೆಟ್ಟರೆ ಮನೆ ಬಿಡಬೇಕಾದವನು ನಾನು.