ಅತ್ತೆ ಮಲಗಿಕೊಂಡು ಹೇಳಿದ ಅರಬ್ಬಿ

ನಮ್ಮ ಅತ್ತೆ ಮಾಬೂಬಿ ಮೊಮ್ಮಕ್ಕಳಿಗೆ ಅರಬ್ಬಿ ಹೇಳಿಕೊಡುತ್ತಿದ್ದದ್ದು ಮಲಗಿಕೊಂಡು. ಮಡಚಿದ ಕೌದಿಯ ಮೇಲೆ ತಲೆ, ಹಣೆಗೆ ಅಡ್ಡ ಮೊಳಕೈ, ಕಣ್ಣು ಮುಚ್ಚಿರುತ್ತಿತ್ತು. ನೋಡಿದವರು ನಿದ್ದೆ ಹತ್ತಿದೆ ಅಂದುಕೊಳ್ಳಬೇಕು, ಅಷ್ಟರಲ್ಲಿ ಒಂದು ಪ್ರಶ್ನೆ ಬರುತ್ತಿತ್ತು.

"ಮೂಲ್ಯಾಗಿನ ಕೊಡಾ ಹೆಂಗೈತಿ?"

"ಕಬೀರ್," ಅನ್ನುತ್ತಿದ್ದಳು ನನ್ನ ಮಗಳು ಶಮೀಮ್. ದೊಡ್ಡದು ಎಂದು ಅರ್ಥ.

"ಅದರ ಮ್ಯಾಲಿನ ತಂಬಗಿ?"

"ಸಗೀರ್." ಸಣ್ಣದು.

ಎಂಬತ್ತರ ದಶಕದ ಅಣ್ಣಿಗೇರಿ. ಅತ್ತೆ ದಿನವೆಲ್ಲ ಪೇಟೆಯ ಅಂಗಡಿಯೊಂದರಲ್ಲಿ ಕಡಲೆ ಹಸನು ಮಾಡಿ, ರೆಪ್ಪೆಗೂ ಧೂಳು ಮೆತ್ತಿಕೊಂಡು ಬರುತ್ತಿದ್ದರು. ನಾನು ಮನೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದೆ. ಗಂಡ ಲಾರಿಯ ಮೇಲೆ ಊರೂರು ತಿರುಗುವವರು. ಸಂಜೆಗೆ ಯಾರಿಗೂ ಮಾತಾಡುವ ತ್ರಾಣ ಇರುತ್ತಿರಲಿಲ್ಲ. ಆದರೂ ಆ ಪಾಠ ತಪ್ಪುತ್ತಿರಲಿಲ್ಲ. ಅತ್ತೆಯ ತಂದೆ ಮಸೀದಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವರಂತೆ. ಅತ್ತೆಗೆ ಈ ಶಬ್ದಗಳು ಕಿವಿಯಿಂದಲೇ ಬಂದವು, ಅಕ್ಷರ ಬಂದಿರಲಿಲ್ಲ. ಮನೆಯ ಮಾತು ಉರ್ದುವಾದರೂ ಅರಬ್ಬಿಯ ಅರ್ಥವನ್ನು ಅವರು ಕನ್ನಡದಲ್ಲೇ ಹೇಳುತ್ತಿದ್ದರು. ಮಕ್ಕಳು ಓಣಿಯಲ್ಲಿ ಆಡುವುದೂ ಅದೇ ಭಾಷೆ. ಅತ್ತೆ ಮಕ್ಕಳ ಕಣ್ಣಿಗೆ ಕಂಡದ್ದನ್ನೇ ಕೇಳುತ್ತಿದ್ದರು. ಹಬ್ಬದ ಲಂಗ ಜದೀದ್, ಅಂದರೆ ಹೊಸದು. ಹಂಚಿನ ಮೇಲಿನ ರೊಟ್ಟಿ ಹಾರ್, ಬಿಸಿ.

ಒಂದು ಸಂಜೆ ಗಂಡನ ಕಾಕಾ ಬಂದು ಕೂತಿದ್ದರು. ಬಹಳ ಗಿಡ್ಡ ಮನುಷ್ಯ. ಶಮೀಮ್ ಅವರನ್ನು ನೋಡಿ, ಯಾರೂ ಕೇಳದಿದ್ದರೂ "ಕಸೀರ್", ಅಂದರೆ ಗಿಡ್ಡ, ಅಂದುಬಿಟ್ಟಳು. ಹಾಗಂದರೇನು ಎಂದು ಕಾಕಾ ಖುಷಿಯಿಂದ ಕೇಳಿದರು. ಅತ್ತೆ ಕಣ್ಣು ತೆರೆಯದೆ, "ದೊಡ್ಡ ಮನಷ್ಯಾ ಅಂತ," ಅಂದರು. ಕಾಕಾ ಹೋದಮೇಲೆ ಅತ್ತೆಯ ಹೊಟ್ಟೆ ಬಹಳ ಹೊತ್ತು ಕುಲುಕುತ್ತಿತ್ತು. ಅವರು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಮಗ ಮೌಲಾಲಿಗೆ ಆಗ ಐದು ವರ್ಷ. ಅವನು ಉಗ್ಗುತ್ತಿದ್ದ. ಮಸೀದಿಯ ಉಸ್ತಾದರು, ನಾಲಿಗೆ ತಿರುಗಿದ ಮೇಲೆ ಕಳಿಸಿ ಎಂದು ಅವನನ್ನು ವಾಪಸು ಕಳಿಸಿದರು. ಓಣಿಯ ಹುಡುಗರು ಅಣಕಿಸಲು ಶುರು ಮಾಡಿದರು. ಅವನು ಮಾತನ್ನೇ ಬಿಡುತ್ತಾ ಬಂದ. ನೀರು ಬೇಕಾದರೂ ಬೆರಳು ತೋರಿಸುತ್ತಿದ್ದ. ಒಂದು ಸಂಜೆ ಅತ್ತೆ ಅವನನ್ನು ಬಾಜೂಕ್ಕೆ ಕೂಡಿಸಿಕೊಂಡು, ತಲೆಯ ಕೆಳಗಿನ ಕೌದಿ ಹೆಂಗಿದೆ ಎಂದು ಕೇಳಿದರು.

"ಕ... ಕ... ಕ..."

ಶಮೀಮ್ ಬಾಯಿ ತೆರೆದಳು. ಅತ್ತೆ ಅಂಗೈ ಎತ್ತಿ ತಡೆದರು. ಹೊರಗೆ ಒಂದು ಚಕ್ಕಡಿ ಹಾದುಹೋಗಿ ಅದರ ಸದ್ದೂ ಅಡಗಿತು. ಆಮೇಲೆ ಅವನು "ಕದೀಮ್" ಅಂದ. ಹಳೇದು. ಅತ್ತೆ "ಹೂಂ" ಅಂದು ಮುಂದಿನದನ್ನು ಕೇಳಿದರು. ಶಾಭಾಸ್ ಕೂಡ ಅನ್ನಲಿಲ್ಲ. ದಿನಾ ಹೀಗೇ ನಡೆಯಿತು. ಒಂದೊಂದೇ ಶಬ್ದವಾದ್ದರಿಂದ ಅವನಿಗೆ ವಾಕ್ಯ ಜೋಡಿಸುವ ಭಯ ಇರಲಿಲ್ಲ.

ಇಷ್ಟು ತಾಳ್ಮೆ ಎಲ್ಲಿಂದ ಬಂತೆಂದು ನಾನು ಒಮ್ಮೆ ಕೇಳಿದೆ.

"ತಾಳ್ಮಿ ಎಲ್ಲೀದ ಬೇ," ಅಂದರು. "ಅವಸರ ಮಾಡಾಕ ನನ್ನ ಮೈಯಾಗ ಶಕ್ತಿ ಇಲ್ಲ."

ಚಳಿಗಾಲ ಮುಗಿಯುವಾಗ ಅರ್ಧ ದಿನದ ಕೂಲಿ ಬಿಟ್ಟು ಅವನನ್ನು ಮತ್ತೆ ಮಸೀದಿಗೆ ಕರೆದೊಯ್ದರು. ತಾವು ಹೊರಗೆ ಗೋಡೆಗೆ ಒರಗಿ ಕೂತರು. ಮೌಲಾಲಿ ಉಗ್ಗುತ್ತಲೇ ಶಬ್ದಗಳನ್ನು ಹೇಳಿದನಂತೆ, ಆದರೆ ಯಾವುದನ್ನೂ ಅರ್ಧಕ್ಕೆ ಬಿಡಲಿಲ್ಲವಂತೆ. ಉಸ್ತಾದರು ಅವನನ್ನು ಸಾಲಿನಲ್ಲಿ ಕೂಡಿಸಿಕೊಂಡರು.

ಬೇಸಿಗೆಯಲ್ಲಿ ನಾದಿನಿಯ ಬಾಣಂತನಕ್ಕೆ ಅತ್ತೆ ನವಲಗುಂದಕ್ಕೆ ಹೊರಟರು. ಬಸ್ಸಿನ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು.

"ಅವನ ಮಾತು ನೀ ಮುಗಸಬ್ಯಾಡ. ಅವನಽ ಮುಗಸ್ತಾನ."

ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಜ್ವರ ಬಂತು, ಮೈ ತಡೆಯಲಿಲ್ಲ.

ಜಿಯಾರತಿನ ದಿನ, ಅಂದರೆ ಅತ್ತೆ ತೀರಿಕೊಂಡ ಮೂರನೆಯ ದಿನ, ನಾದಿನಿಯ ಮನೆ ತುಂಬ ಜನ. ಗುರುತಿಲ್ಲದ ಹಿರಿಯರೊಬ್ಬರು ಮೌಲಾಲಿಯನ್ನು ಹಿಡಿದು, "ಯಾರ ಮಗಾ ನೀ?" ಎಂದು ಕೇಳಿದರು. ಅವನು "ಮಾ... ಮಾ..." ಎಂದು ನಿಂತ. ನಾದಿನಿ ಅಪ್ಪನ ಹೆಸರು ಹೇಳಲು ಮುಂದಾದಳು. ನಾನು ಅವಳ ಕೈ ಹಿಡಿದೆ. ಕೋಣೆಯ ಮಾತು ಒಂದೊಂದಾಗಿ ನಿಂತಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅವನು ನೆಲ ನೋಡುತ್ತಿದ್ದ.

"ಮಾಬೂಬಿ ಮೊಮ್ಮಗ," ಅಂದ.